ಹದಿನೆಂಟು ದಿನಗಳ ಬಚ್ಚಲುಮನೆ



ಮನೆಯಲ್ಲಿ ಎಲ್ಲಕ್ಕಿಂತ ಚಿಕ್ಕ ಕೋಣೆ ಯಾವುದು ಎಂದು ಕೇಳಿದರೆ ನೀವು ಕೂಡಲೆ ‘ಬಚ್ಚಲುಮನೆ’ ಎನ್ನುವಿರಿ. ಹಾಗಾದರೆ ಕಟ್ಟುವವನಿಂದ ಎಲ್ಲಕ್ಕಿಂತ ಹೆಚ್ಚು ವಿದ್ಯೆಯನ್ನು ಬೇಡುವ ಕೋಣೆ ಯಾವುದು? ಅದಕ್ಕೂ ಉತ್ತರ ಅದೇ. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ಈ ಮೂರೂ ಆ ನಾಲ್ಕು ಗೋಡೆಗಳ ನಡುವೆ ಒಟ್ಟಿಗೆ ಕೆಲಸಮಾಡುತ್ತವೆ. ಕೆಲವು ವರ್ಷಗಳ ಹಿಂದೆ, ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ, ನಮ್ಮ ಮನೆಯ ಬಚ್ಚಲನ್ನು ನಾವೇ ಒಡೆದು ಹೊಸದಾಗಿ ಕಟ್ಟಿದೆವು. ಆಗ ಕಲಿತುದನ್ನು ನಿಮ್ಮೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ನಮ್ಮ ಮನೆ ವಿಠ್ಠಲವಾಡಿ ನಿಲ್ದಾಣದ ಸಮೀಪ, ಹಳೆಯ ಕಟ್ಟಡವೊಂದರ ಮೊದಲನೆಯ ಮಹಡಿಯಲ್ಲಿದೆ. ಆ ವರ್ಷದ ಮಳೆಗಾಲದಲ್ಲಿ ಎರಡು ಸಂಗತಿಗಳು ನಡೆದವು. ನಮ್ಮ ಅಜ್ಜಿ ಬಚ್ಚಲಿನ ಕಲ್ಲಿನ ಮೇಲೆ ಜಾರಿಬಿದ್ದು ಮುಂಗೈಯ ಎಲುಬು ಮುರಿದುಕೊಂಡರು. ವಿಶ್ರಾಂತಿಗಾಗಿ ಚಿಕ್ಕಪ್ಪನವರು ಅವರನ್ನು ಕಲಬುರಗಿಗೆ ಕರೆದೊಯ್ದರು. ಅದೇ ತಿಂಗಳಲ್ಲಿ ಕೆಳಮನೆಯ ಮರಾಠಿ ಕಾಕು ಮೇಲೆ ಬಂದು, ತಮ್ಮ ಮನೆಯ ಮಾಳಿಗೆಯಿಂದ ನೀರು ತೊಟ್ಟಿಕ್ಕುತ್ತಿದೆಯೆಂದು ಸಂಕೋಚದಿಂದಲೇ ತಿಳಿಸಿದರು. ಒಂದೇ ನೆಲ ಮೇಲಿನವರನ್ನು ಬೀಳಿಸುತ್ತಿತ್ತು, ಕೆಳಗಿನವರನ್ನು ತೋಯಿಸುತ್ತಿತ್ತು.

ಅಜ್ಜಿ ದೀಪಾವಳಿಗೆ ಮರಳಿ ಬರುವವರಿದ್ದರು. ದೀಪಾವಳಿಯ ಮೊದಲನೆಯ ದಿನ ನಮ್ಮಲ್ಲಿ ನೀರು ತುಂಬುವ ಹಬ್ಬ; ಬಚ್ಚಲನ್ನು ತೊಳೆದು, ಹಂಡೆಯನ್ನು ಬೆಳಗಿ, ನೀರು ತುಂಬಿ ಪೂಜಿಸುವ ದಿನ. ವಿಜಯದಶಮಿಯಿಂದ ಆ ದಿನದವರೆಗೆ ಹದಿನೆಂಟು ದಿನಗಳು. ನಮ್ಮ ತಂದೆಯವರು ಅಂಬರನಾಥದ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸದಲ್ಲಿದ್ದರು. ಅವರಿಗೆ ದೊರೆತ ರಜೆ ನಾಲ್ಕೇ ದಿನ. ಉಳಿದುದೆಲ್ಲ ಸಂಜೆಗಳಲ್ಲಿ ಮತ್ತು ಭಾನುವಾರಗಳಲ್ಲಿ ಆಗಬೇಕಾಗಿತ್ತು. ಆಯುಧಪೂಜೆಯಂದು ಸುತ್ತಿಗೆ, ಉಳಿ, ಕರಣೆ, ತೂಗುಗುಂಡು, ರಸಮಟ್ಟಗಳಿಗೆ ಕುಂಕುಮವಿಟ್ಟೆವು. ಮರುದಿನ ಕೆಲಸ ಆರಂಭವಾಯಿತು.

ಅಳತೆ ಮತ್ತು ಲೆಕ್ಕ

ಸುತ್ತಿಗೆ ಎತ್ತುವುದಕ್ಕೆ ಮೊದಲು ಪೆನ್ಸಿಲು ಎತ್ತಬೇಕು. ಹೌಸಿಂಗ್ ಸೊಸಾಯಿಟಿಯ ಕಾರ್ಯದರ್ಶಿಗಳಿಂದ ಲಿಖಿತ ಒಪ್ಪಿಗೆಯನ್ನು ಪಡೆದ ಮೇಲೆ ತಂದೆಯವರು ನನ್ನ ಕೈಗೆ ಟೇಪು ಮತ್ತು ನೋಟುಪುಸ್ತಕವನ್ನು ಕೊಟ್ಟರು. ನೆಲ 6 ಅಡಿ ಉದ್ದ, 4 ಅಡಿ ಅಗಲ; ಆದುದರಿಂದ 24 ಚದರಡಿ. ನಾಲ್ಕು ಗೋಡೆಗಳ ಸುತ್ತಳತೆ 20 ಅಡಿ. ಏಳು ಅಡಿ ಎತ್ತರಕ್ಕೆ ಟೈಲು ಹಚ್ಚುವುದಾದರೆ 140 ಚದರಡಿ. ಅದರಲ್ಲಿ ಎರಡೂವರೆ ಅಡಿ ಅಗಲದ ಬಾಗಿಲಿನ 17.5 ಚದರಡಿಯನ್ನು ಕಳೆದರೆ 122.5. ಗೋಡೆಯ ಒಂದು ಟೈಲು 1 ಅಡಿಗೆ 1.5 ಅಡಿ. ಹಾಗಾದರೆ ಎಷ್ಟು ಟೈಲು ಬೇಕು? ಲೆಕ್ಕಕ್ಕೆ 82, ಒಡೆಯುವುದಕ್ಕೂ ಕತ್ತರಿಸುವುದಕ್ಕೂ ನೂರಕ್ಕೆ ಹತ್ತರಂತೆ ಸೇರಿಸಿ 90. ನೆಲಕ್ಕೆ ಒಂದಡಿ ಚೌಕದ ಒರಟು ಮೈಯ ಟೈಲು 27. ನೆಲಕ್ಕೆ ನುಣುಪಾದ ಟೈಲು ನೋಡಲು ಅಂದವಾಗಿದ್ದರೂ, ಸೋಪಿನ ನೀರು ಬಿದ್ದಾಗ ಅದು ಕಾಲಿಗೆ ಹಿಡಿತ ಕೊಡುವುದಿಲ್ಲ. ಅಜ್ಜಿಯ ಮುಂಗೈ ನಮಗೆ ಕಲಿಸಿದ ಮೊದಲ ಪಾಠವಿದು.

ಸಾಮಾನನ್ನೆಲ್ಲ ಕೆಲಸ ತೊಡಗುವ ಮೊದಲೇ ತಂದು ಮಂಚದ ಕೆಳಗೆ ಇಟ್ಟೆವು. ಸಮಯ ಕಡಿಮೆಯಿರುವಾಗ ಒಂದು ಮೊಳೆಗಾಗಿ ಅಂಗಡಿಗೆ ಓಡುವುದರಲ್ಲೇ ಅರ್ಧ ದಿನ ಕಳೆದುಹೋಗುವುದುಂಟು. ಬಳಿಕ ತಂದೆಯವರು ಗೋಡೆಗೆ ಈ ಪಟ್ಟಿಯನ್ನು ಅಂಟಿಸಿದರು:

1, 2ನೆಯ ದಿನ — ಒಡೆಯುವುದು, ಕಸ ಸಾಗಿಸುವುದು.
3ನೆಯ ದಿನ — ಹೊಸ ಪೈಪು, ನಹಾಣಿ ಟ್ರ್ಯಾಪು.
4ನೆಯ ದಿನ — ಗೋಡೆಗೆ ಗಿಲಾವು, ನೆಲಕ್ಕೆ ಇಳಿಜಾರಿನ ಗಾರೆ.
4ರಿಂದ 10ನೆಯ ದಿನ — ಗಾರೆಗೆ ನೀರುಣಿಸುವುದು.
11ನೆಯ ದಿನ — ನೀರು ತಡೆಯುವ ಲೇಪ, ಎರಡು ಸಲ.
12, 13ನೆಯ ದಿನ — ಲೇಪ ಒಣಗುವುದು. ಗೋಡೆಯ ಮೇಲ್ಭಾಗಕ್ಕೆ ಟೈಲು.
13ರ ಸಂಜೆಯಿಂದ 15ರ ಸಂಜೆ — ನೀರು ನಿಲ್ಲಿಸಿ ಪರೀಕ್ಷೆ.
16ನೆಯ ದಿನ — ನೆಲದ ಟೈಲು.
17ನೆಯ ದಿನ — ಸಂದು ತುಂಬುವುದು.
18ನೆಯ ದಿನ — ನೀರು ತುಂಬುವ ಹಬ್ಬ.

ಪಟ್ಟಿ ಅಚ್ಚುಕಟ್ಟಾಗಿ ಕಾಣುತ್ತಿತ್ತು. ಆದರೆ ಅದರಲ್ಲಿ ಒಂದು ದೊಡ್ಡ ದೋಷವಿತ್ತು. ಅದೇನೆಂಬುದನ್ನು ಮುಂದೆ ಹೇಳುವೆನು. ಅಷ್ಟರಲ್ಲಿ ನೀವೇ ಕಂಡುಹಿಡಿಯಬಲ್ಲಿರಾ ನೋಡಿರಿ.

ಒಡೆಯುವ ಕೆಲಸ

ಮೊದಲು ನೀರಿನ ಮುಖ್ಯ ಕವಾಟವನ್ನು ಮುಚ್ಚಿದೆವು. ಗೀಸರಿನ ವಿದ್ಯುತ್ ಸಂಪರ್ಕವನ್ನು ಪರವಾನೆಯುಳ್ಳ ವಿದ್ಯುತ್ ಕೆಲಸಗಾರರು ಬಂದು ಬಿಡಿಸಿದರು. ಕೊನೆಯಲ್ಲಿ ಅದನ್ನು ಮತ್ತೆ ಜೋಡಿಸಿದವರೂ ಅವರೇ. 30 ಮಿಲಿಆಂಪಿಯರಿನಷ್ಟು ವಿದ್ಯುತ್ ಸೋರಿದರೂ ಕ್ಷಣಮಾತ್ರದಲ್ಲಿ ಸಂಪರ್ಕವನ್ನು ಕಡಿಯುವ ರಕ್ಷಕಸ್ವಿಚ್ಚನ್ನು ಆಗ ಹಾಕಿಸಿದೆವು. ನೀರೂ ವಿದ್ಯುತ್ತೂ ಕೂಡುವ ಕಡೆ ‘ನಾನೇ ಮಾಡುವೆ’ ಎಂಬ ಹಟ ಸಲ್ಲದು. ಕಟ್ಟಡದ ಕಂಬ ಮತ್ತು ತೊಲೆಗಳನ್ನಂತೂ ಯಾರೂ ಮುಟ್ಟಲಾಗದು.

ಗೋಡೆಯಲ್ಲಿ ಎಲ್ಲವನ್ನೂ ಒಡೆಯಬೇಕೆಂದಿಲ್ಲ. ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ಟೊಳ್ಳು ಸದ್ದು ಬಂದ ಕಡೆ ಗಿಲಾವು ಗೋಡೆಯನ್ನು ಬಿಟ್ಟಿರುತ್ತದೆ. ಗಟ್ಟಿ ಸದ್ದು ಬಂದ ಕಡೆ ಅದು ಚೆನ್ನಾಗಿರುತ್ತದೆ. ನಮ್ಮಲ್ಲಿ ಕೆಳಗಿನ ಮೂರು ಅಡಿ ಮಾತ್ರ ಟೊಳ್ಳಾಗಿತ್ತು. ಅಷ್ಟನ್ನು ತೆಗೆದು, ಮೇಲಿನದನ್ನು ಉಳಿಯಿಂದ ಕಚ್ಚುಮಾಡಿ ಒರಟಾಗಿಸಿದೆವು. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ, ಕೈಗೆ ಚೀಲ ಇಲ್ಲದೆ ತಂದೆಯವರು ನನ್ನನ್ನು ಒಳಗೆ ಬಿಡುತ್ತಿರಲಿಲ್ಲ.

ಒಡೆದ ಗಾರೆ ಮೊದಲಿದ್ದುದಕ್ಕಿಂತ ಸುಮಾರು ಒಂದೂವರೆ ಪಟ್ಟು ಜಾಗವನ್ನು ತೆಗೆದುಕೊಳ್ಳುವುದು ನನಗೆ ಅಚ್ಚರಿ ತಂದಿತು. ಹನ್ನೆರಡು ಘನ ಅಡಿಯಷ್ಟು ಗಾರೆ ಹದಿನೆಂಟು ಘನ ಅಡಿಗೂ ಮಿಕ್ಕ ರಾಶಿಯಾಯಿತು. ಅರ್ಧರ್ಧ ತುಂಬಿದ ಮೂವತ್ತೇಳು ಚೀಲಗಳನ್ನು ನಾನೂ ನನ್ನ ಅಕ್ಕನೂ ಮೆಟ್ಟಲಿಳಿಸಿದೆವು. ಅಂದಿನಿಂದ ನಾವು ಬೆಳಗಿನ ಸ್ನಾನಕ್ಕೆ ಅಕ್ಕಪಕ್ಕದ ಮನೆಗಳಿಗೆ ಸರದಿಯಂತೆ ಹೋಗಬೇಕಾಯಿತು.

ಕಲ್ಲಿನ ಕಥೆ

ನೆಲದ ಹಾಸುಗಲ್ಲುಗಳನ್ನು ಎಬ್ಬಿಸುವಾಗ ತಂದೆಯವರು ಒಂದನ್ನು ತೊಳೆದು ನನಗೆ ತೋರಿಸಿ, “ಇದು ಎಲ್ಲಿಂದ ಬಂದದ್ದು ಗೊತ್ತೇ?” ಎಂದು ಕೇಳಿದರು. ಅದು ಶಹಾಬಾದಿನ ಫರಸಿ. ನಮ್ಮ ಕಲಬುರಗಿ ಜಿಲ್ಲೆಯ ಕಲ್ಲು! ಮುಂಬಯಿ ಸೀಮೆಯ ಎಷ್ಟೋ ಹಳೆಯ ಚಾಳಗಳ ನೆಲ ಮತ್ತು ಮೋರಿಗಳು ಈ ಬೂದುಬಣ್ಣದ ಕಲ್ಲಿನವು. ಇದು ಭೀಮಾ ನದಿಯ ಸೀಮೆಯಲ್ಲಿ, ಕೋಟ್ಯಂತರ ವರ್ಷಗಳ ಹಿಂದೆ, ನೀರಿನ ತಳದಲ್ಲಿ ಪದರಪದರವಾಗಿ ನಿಂತ ಸುಣ್ಣಕಲ್ಲು. ಪದರವಾಗಿರುವುದರಿಂದಲೇ ಇದು ಹಲಗೆಯಂತೆ ಸುಲಭವಾಗಿ ಸೀಳುತ್ತದೆ. ಕಲ್ಯಾಣದಿಂದ ವಿಠ್ಠಲವಾಡಿ, ಕರ್ಜತ್, ಪುಣೆ, ಸೊಲ್ಲಾಪುರಗಳ ಮೂಲಕ ಹೋಗುವ ರೈಲುದಾರಿಯೇ ಕಲಬುರಗಿ, ಶಹಾಬಾದ, ವಾಡಿಗಳನ್ನು ಮುಟ್ಟುತ್ತದೆ. ನಮ್ಮ ಕಿಟಕಿಯ ಮುಂದಿನ ಹಳಿಯ ಇನ್ನೊಂದು ತುದಿಯಲ್ಲಿ ನಮ್ಮ ಬಚ್ಚಲುಕಲ್ಲಿನ ತವರಿತ್ತು.

ಆದರೆ ನಾವು ಆ ಕಲ್ಲಿಗೆ ಅನ್ಯಾಯಮಾಡಿದ್ದೆವು. ಕಲೆ ಹೋಗಲೆಂದು ವರ್ಷಗಟ್ಟಲೆ ಆಮ್ಲವನ್ನು ಸುರಿದು ತಿಕ್ಕಿದ್ದೆವು. ಸುಣ್ಣಕಲ್ಲಿಗೆ ಆಮ್ಲ ಬಿದ್ದರೆ ಗುಳ್ಳೆಯೆದ್ದು ಇಂಗಾಲದ ಡೈಆಕ್ಸೈಡು ಹೊರಡುವುದನ್ನು ನೀವು ಪ್ರಯೋಗಶಾಲೆಯಲ್ಲಿ ಕಂಡಿರಬಹುದು. ನಮ್ಮ ಬಚ್ಚಲಿನಲ್ಲಿ ನಡೆದುದೂ ಅದೇ. ಕಲ್ಲಿನ ಮೇಲೆ ಕುಳಿಗಳಾದವು, ಸಂದುಗಳ ಸಿಮೆಂಟು ಸವೆಯಿತು, ಕುಳಿಗಳಲ್ಲಿ ಪಾಚಿ ಕಟ್ಟಿತು, ಸಂದುಗಳಲ್ಲಿ ನೀರು ಇಳಿಯಿತು. ಅಜ್ಜಿ ಬಿದ್ದುದಕ್ಕೂ ಕಾಕುವಿನ ಮಾಳಿಗೆ ಸೋರಿದುದಕ್ಕೂ ಕಾರಣ ಇಷ್ಟೇ. ಚೆನ್ನಾಗಿದ್ದ ಒಂದು ಕಲ್ಲನ್ನು ತಂದೆಯವರು ಎಸೆಯಗೊಡದೆ ಬದಿಗಿರಿಸಿದರು.

ಇಳಿಜಾರು ಮತ್ತು ಟ್ರ್ಯಾಪು

ಬಚ್ಚಲಿನ ನೆಲ ಸಮತಟ್ಟಾಗಿರಬಾರದು. 60ಕ್ಕೆ 1ರಷ್ಟು ಇಳಿಜಾರು ಬೇಕು. ಆರು ಅಡಿ ಎಂದರೆ 72 ಇಂಚು. ಅದನ್ನು 60ರಿಂದ ಭಾಗಿಸಿದರೆ 1.2 ಇಂಚು ಬರುವುದು. ಅಂದರೆ ಬಾಗಿಲಿನಿಂದ ನೀರಿನ ಕಿಂಡಿಗೆ ಒಂದೂಕಾಲು ಇಂಚಿನಷ್ಟು ತಗ್ಗು. ಈ ತಗ್ಗನ್ನು ಗುರುತಿಸಲು ನಮಗೆ ಪರಿಚಯದ ಗವಂಡಿಯೊಬ್ಬರು ಒಂದು ಭಾನುವಾರ ಬಂದು ಕಲಿಸಿದರು. ಅವರು ಕಲಬುರಗಿಯ ಕಡೆಯವರು. ಬಳಸಿದ ಉಪಕರಣ ಹತ್ತು ಅಡಿಯ ಪಾರದರ್ಶಕ ಕೊಳವೆ, ಅದರೊಳಗೆ ನೀರು. ಕೊಳವೆಯ ಎರಡು ತುದಿಗಳನ್ನು ಎರಡು ಗೋಡೆಗಳಿಗೆ ಹಿಡಿದರೆ ಎರಡೂ ಕಡೆ ನೀರು ಒಂದೇ ಎತ್ತರದಲ್ಲಿ ನಿಲ್ಲುವುದು. ಆ ಗುರುತಿನಿಂದ ಕೆಳಗೆ ಅಳೆದು ಎಲ್ಲಿ ಎಷ್ಟು ಗಾರೆ ಎಂದು ನಿರ್ಧರಿಸುವರು. ನೀರು ತನ್ನ ಮಟ್ಟವನ್ನು ತಾನೇ ಕಂಡುಕೊಳ್ಳುವುದೆಂದು ಪುಸ್ತಕದಲ್ಲಿ ಓದಿದ್ದ ನಾನು ಅಂದು ಅದನ್ನು ಗೋಡೆಯ ಮೇಲೆ ಕಂಡೆನು.

ಈ ವಿದ್ಯೆ ಹೊಸದಲ್ಲ. ನಮ್ಮ ಪಕ್ಕದ ಉಲ್ಲಾಸನಗರದಲ್ಲಿ 1947ರ ದೇಶವಿಭಜನೆಯ ತರುವಾಯ ಸಿಂಧ್ ಪ್ರಾಂತದಿಂದ ಬಂದ ಬಾಂಧವರು ನೆಲೆಸಿದರಷ್ಟೆ. ಅವರ ಆ ಸಿಂಧಿನಲ್ಲಿಯೇ ಮೊಹೆಂಜೊದಾರೊ ಇರುವುದು. ಸುಮಾರು ನಾಲ್ಕೂವರೆ ಸಾವಿರ ವರ್ಷಗಳ ಹಿಂದೆಯೇ ಅಲ್ಲಿನ ಜನ ಮನೆಯ ಬಚ್ಚಲಿಗೆ ಒತ್ತಾಗಿ ಇಟ್ಟಿಗೆ ಜೋಡಿಸಿ, ನೀರು ಚರಂಡಿಗೆ ಹರಿಯುವಂತೆ ಇಳಿಜಾರು ಕೊಟ್ಟಿದ್ದರು. ಅಲ್ಲಿಯ ಮಹಾಸ್ನಾನಕೊಳದಿಂದ ನೀರು ಸೋರದಂತೆ ಇಟ್ಟಿಗೆಯ ಹಿಂದೆ ಕಲ್ಲರಗಿನ ಪದರವನ್ನೂ ಹಾಕಿದ್ದರು.

ಕಿಂಡಿಯ ಕೆಳಗಿನ ನಹಾಣಿ ಟ್ರ್ಯಾಪಿನ ಹೆಸರಿನಲ್ಲಿ ಮರಾಠಿಯ ‘ನ್ಹಾಣಿ’, ಅಂದರೆ ಸ್ನಾನದ ಸ್ಥಳ, ಅಡಗಿದೆ. ಅದರ ಬಟ್ಟಲಿನಲ್ಲಿ ಸುಮಾರು 50 ಮಿಲಿಮೀಟರು ನೀರು ಯಾವಾಗಲೂ ನಿಂತಿರುವುದು. ಚರಂಡಿಯ ದುರ್ಗಂಧವೂ ಹುಳುಗಳೂ ಆ ನೀರಿನ ಬಾಗಿಲನ್ನು ದಾಟಿ ಬರಲಾರವು. ಇದೇ ತತ್ತ್ವದ ಬಾಗುಕೊಳವೆಯನ್ನು ಶೌಚಾಲಯಕ್ಕೆ ಅಳವಡಿಸಿ 1775ರಲ್ಲಿ ಹಕ್ಕುಪತ್ರ ಪಡೆದವನು ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಕಮ್ಮಿಂಗ್. ವೃತ್ತಿಯಿಂದ ಅವನು ಗಡಿಯಾರ ಮಾಡುವವನು. ಮೂರನೆಯ ದಿನ ಪ್ಲಂಬರರು ಪೈಪುಗಳನ್ನು ಜೋಡಿಸಿ ಹೋದರು. ಟ್ರ್ಯಾಪಿನ ಸುತ್ತಲಿನ ಗಾರೆಯನ್ನು ತಂದೆಯವರೂ ನಾನೂ ಪಾಳಿ ಮುಗಿದ ಮೇಲೆ, ರಾತ್ರಿ ಹತ್ತು ಗಂಟೆಯ ಹೊತ್ತಿಗೆ, ಅವಸರದಿಂದ ತುಂಬಿದೆವು.

ಸಿಮೆಂಟಿನ ಸ್ವಭಾವ

ಸಿಮೆಂಟು ಒಣಗಿ ಗಟ್ಟಿಯಾಗುವುದೆಂದು ಬಹುಜನರ ಭಾವನೆ. ಅದು ತಪ್ಪು. ಸಿಮೆಂಟು ನೀರನ್ನು ಕುಡಿದು ಗಟ್ಟಿಯಾಗುವುದು. ಸುಣ್ಣಕಲ್ಲನ್ನೂ ಜೇಡಿಯನ್ನೂ ಸುಮಾರು 1450 ಸೆಂಟಿಗ್ರೇಡಿನ ಶಾಖದಲ್ಲಿ ಸುಟ್ಟು, ಸ್ವಲ್ಪ ಜಿಪ್ಸಮ್ ಸೇರಿಸಿ ಪುಡಿಮಾಡಿದರೆ ಸಿಮೆಂಟಾಗುತ್ತದೆ. ಇಂಗ್ಲೆಂಡಿನ ಜೋಸೆಫ್ ಆಸ್ಪ್ಡಿನ್ 1824ರಲ್ಲಿ ಪೋರ್ಟ್‌ಲೆಂಡ್ ಸಿಮೆಂಟಿನ ಹಕ್ಕುಪತ್ರ ಪಡೆದನು. ನಮ್ಮ ನಾಡಿನಲ್ಲಿ ಶಹಾಬಾದಿನ ನೆರೆಯ ವಾಡಿಯಲ್ಲಿಯೂ ನೃಪತುಂಗನ ರಾಜಧಾನಿಯಾಗಿದ್ದ ಮಳಖೇಡದ ಸುತ್ತಲೂ ಇದೇ ಸುಣ್ಣಕಲ್ಲಿನಿಂದ ಸಿಮೆಂಟು ತಯಾರಾಗುತ್ತದೆ.

ನೀರು ಸೇರಿದೊಡನೆ ಸಿಮೆಂಟಿನ ಕಣಗಳ ಮೇಲೆ ಹೊಸ ಸಂಯುಕ್ತಗಳು ಬೆಳೆದು, ಒಂದರೊಳಗೊಂದು ಹೆಣೆದುಕೊಂಡು, ಉಸುಕನ್ನು ಬಿಗಿಯಾಗಿ ಹಿಡಿಯುವುವು. ಇದಕ್ಕೆ ದಿನಗಳೇ ಬೇಕು. ಚೀಲದ ಮೇಲೆ 53 ದರ್ಜೆ ಎಂದು ಬರೆದಿದ್ದರೆ, ಅದರ ಬಲ ಮೂರು ದಿನಕ್ಕೆ ಕನಿಷ್ಠ 27, ಏಳು ದಿನಕ್ಕೆ 37, ಇಪ್ಪತ್ತೆಂಟು ದಿನಕ್ಕೆ 53 ಆಗಿರಬೇಕೆಂದು ಅರ್ಥ. ಬಲವನ್ನು ಅಳೆಯುವ ಮಾನ ಪ್ರತಿ ಚದರ ಮಿಲಿಮೀಟರಿಗೆ ಇಷ್ಟು ನ್ಯೂಟನ್ ಎಂಬುದು. ಹಾಗೆಂದರೆ ಏಳು ದಿನಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟು ಬಲ ಬರುವುದು. ಆ ಅವಧಿಯಲ್ಲಿ ಅದು ಒಣಗಿದರೆ ಬೆಳವಣಿಗೆ ಅಲ್ಲಿಗೇ ನಿಲ್ಲುವುದು, ಬಿರುಕು ಬಿಡುವುದು. ಗವಂಡಿಯವರು ಹೊರಡುವಾಗ ಹೇಳಿದ್ದು ಇಷ್ಟೇ: “ಸಿಮೆಂಟಿಗಿ ನೀರು ಕುಡಸ್ರಿ, ಅವಸರ ಮಾಡಬ್ಯಾಡ್ರಿ.” ಏಳು ದಿನ ಗೋಡೆಗೆ ಒದ್ದೆ ಗೋಣಿ ಹೊದಿಸಿ, ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಕಾದು, ದಿನಕ್ಕೆ ಮೂರು ಸಲ ನೀರೆರೆದವಳು ಅಕ್ಕ.

ನೀರಿನ ಪರೀಕ್ಷೆ

ಹನ್ನೊಂದನೆಯ ದಿನ ಬೆಳಗ್ಗೆ ಒಂದು ಸಲ, ಸಂಜೆ ಅದಕ್ಕೆ ಅಡ್ಡಲಾಗಿ ಇನ್ನೊಂದು ಸಲ, ನೀರು ತಡೆಯುವ ಲೇಪವನ್ನು ನೆಲಕ್ಕೂ ಗೋಡೆಯ ಕೆಳಗಿನ ಒಂದು ಅಡಿಗೂ ಬಳಿದೆವು. ಮುಂದಿನ ಎರಡು ದಿನಗಳಲ್ಲಿ ಗೋಡೆಗೆ ಒಂದಡಿ ಎತ್ತರದಲ್ಲಿ ಮರದ ಪಟ್ಟಿ ಬಡಿದು, ಅದರ ಮೇಲಿನಿಂದ ಟೈಲು ಕೂರಿಸಿದೆವು. ಕೆಳಸಾಲು ನೆಲದ ಟೈಲಿನೊಡನೆ ಆಗತಕ್ಕದ್ದು.

ಹದಿಮೂರನೆಯ ದಿನ ಸಂಜೆ ಕಿಂಡಿಗೆ ಬಿರಡೆ ಹಾಕಿ, ಬಾಗಿಲಿಗೆ ಇಟ್ಟಿಗೆಯ ಒಡ್ಡು ಕಟ್ಟಿ, ನೀರು ತುಂಬಿದೆವು. 24 ಚದರಡಿ ನೆಲದ ಮೇಲೆ ಸರಾಸರಿ ಎರಡು ಇಂಚು ನೀರೆಂದರೆ 4 ಘನ ಅಡಿ, ಅಂದರೆ ಸುಮಾರು 113 ಲೀಟರು. ದೊಡ್ಡ ಬಕೆಟ್ಟಿನಲ್ಲಿ ಎಂಟು. ನೀರಿನ ಅಂಚನ್ನು ಗೋಡೆಯ ಮೇಲೆ ಪೆನ್ಸಿಲಿನಿಂದ ಗುರುತಿಸಿದೆವು. ಪಕ್ಕದಲ್ಲಿ ಒಂದು ಬಕೆಟ್ಟು ನೀರನ್ನೂ ಗುರುತುಮಾಡಿ ಇಟ್ಟೆವು. ಅದೇಕೆ? ಆವಿಯಾಗಿ ಹೋಗುವ ನೀರೆಷ್ಟು ಎಂಬುದನ್ನು ಬಕೆಟ್ಟು ಹೇಳುವುದು. ಅದಕ್ಕೂ ಮಿಕ್ಕಿ ಇಳಿದದ್ದು ಸೋರಿದ ನೀರು.

ಮರುದಿನ ಬೆಳಗ್ಗೆ ಬಕೆಟ್ಟಿನ ನೀರು ಒಂದು ಮಿಲಿಮೀಟರು ಇಳಿದಿತ್ತು. ನೆಲದ ನೀರು ನಾಲ್ಕು ಮಿಲಿಮೀಟರು ಇಳಿದಿತ್ತು. ಮೂರು ಮಿಲಿಮೀಟರಿನ ಅಂತರ ಚಿಕ್ಕದೆನಿಸಬಹುದು. ಆದರೆ ನಮ್ಮ ನೆಲದ ಅಳತೆಗೆ ಅದು ಆರೂವರೆ ಲೀಟರಿಗೂ ಹೆಚ್ಚು. ಅಷ್ಟರಲ್ಲಿ ಕಾಕು ಬಂದು, ಪೈಪಿನ ಸುತ್ತ ಒದ್ದೆಯ ಬಳೆ ಮೂಡಿದೆಯೆಂದರು. ಆ ರಾತ್ರಿ ಹತ್ತು ಗಂಟೆಗೆ ನಾವು ತುಂಬಿದ ಗಾರೆಯೇ ಅಪರಾಧಿ. ನುಣುಪಾದ ಪ್ಲಾಸ್ಟಿಕಿಗೆ ಗಾರೆ ಅಂಟುವುದಿಲ್ಲ. ಉಪ್ಪುಕಾಗದದಿಂದ ತಿಕ್ಕಿ ಒರಟುಮಾಡಿದ ಮೇಲೆಯೇ ತುಂಬಬೇಕಾಗಿತ್ತು.

ಈಗ ಗೋಡೆಯ ಮೇಲಿನ ಪಟ್ಟಿಯ ದೋಷ ನಿಮಗೆ ಹೊಳೆದಿರಬೇಕು. ಪರೀಕ್ಷೆಗೆ ದಿನವನ್ನು ಇರಿಸಿದ್ದೆವು. ಪರೀಕ್ಷೆಯಲ್ಲಿ ತಪ್ಪು ಸಿಕ್ಕರೆ ತಿದ್ದುವುದಕ್ಕೆ ಒಂದು ದಿನವನ್ನೂ ಇರಿಸಿರಲಿಲ್ಲ.

ಅಂದು ಸಂಜೆ ಮನೆಯಲ್ಲಿ ಚರ್ಚೆ ನಡೆಯಿತು. ಮೇಲಿನಿಂದ ಇನ್ನೊಂದು ಲೇಪ ಬಳಿದು ನಾಳಿದ್ದೇ ಟೈಲು ಕೂರಿಸಿದರೆ ಹಬ್ಬಕ್ಕೆ ಎಲ್ಲವೂ ಮುಗಿಯುವುದೆಂದು ನಾನೆಂದೆ. ತಾಯಿಯವರಿಗೂ ಹಬ್ಬ ತಪ್ಪಬಾರದೆಂಬ ಆಸೆ. ತಂದೆಯವರು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, “ಟೈಲು ಕೂರಿಸಿದ ಮೇಲೆ ಈ ತಪ್ಪು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಕಾಕುವಿನ ಕಣ್ಣಿಗೆ ಮಾತ್ರ ಬೀಳುವುದು” ಎಂದರು. ಚರ್ಚೆ ಅಲ್ಲಿಗೆ ಮುಗಿಯಿತು.

ಹದಿನೈದನೆಯ ದಿನ ಟ್ರ್ಯಾಪಿನ ಸುತ್ತ ಗಾರೆಯನ್ನು ಕೆತ್ತಿ ತೆಗೆದು, ಪೈಪನ್ನು ತಿಕ್ಕಿ ಒರಟುಮಾಡಿ, ಕುಗ್ಗದ ಬಿಗಿಗಾರೆಯನ್ನು ತುಂಬಿ, ಅದು ಗಟ್ಟಿಯಾದ ಮೇಲೆ ಲೇಪ ಬಳಿದೆವು. ಹದಿನಾರರ ಸಂಜೆ ಮತ್ತೆ ಎಂಟು ಬಕೆಟ್ಟು ನೀರು. ಹದಿನೆಂಟರ ಸಂಜೆಯವರೆಗೆ, ಪೂರ್ತಿ ನಲವತ್ತೆಂಟು ಗಂಟೆ, ಗೋಡೆಯ ಗುರುತು ಬಕೆಟ್ಟಿನ ಗುರುತಿನೊಡನೆ ಸರಿಸಮವಾಗಿ ಇಳಿಯಿತು. ಒಂದು ಹನಿಯೂ ಸೋರಿರಲಿಲ್ಲ.

ಹಬ್ಬ

ಅಜ್ಜಿ ಹದಿನೇಳನೆಯ ದಿನವೇ ಬಂದಿದ್ದರು. ರೈಲು ವಿಠ್ಠಲವಾಡಿಯನ್ನು ದಾಟಿ ಕಲ್ಯಾಣದಲ್ಲಿ ನಿಂತಾಗ ನಾನು ಹೋಗಿ ಕರೆತಂದೆನು. ಬಚ್ಚಲುಮನೆಯಲ್ಲಿ ಕೆರೆಯಂತೆ ನಿಂತ ನೀರನ್ನು ನೋಡಿ, “ಯಾಕೋ, ಹಬ್ಬಕ್ಕ ಬಚ್ಚಲ ಆಗಲಿಲ್ಲೇನು?” ಎಂದು ಕೇಳಿದರು. ತಂದೆಯವರು ತಲೆತಗ್ಗಿಸಿ, “ಇನ್ನ ನಾಕು ದಿನ ತಡಿಯವ್ವಾ” ಎಂದರು. ಅಜ್ಜಿ ನಕ್ಕು, “ತಡೀತೀನಿ. ನಾ ಮತ್ತ ಬೀಳೂದಕಿಂತ ಹಬ್ಬ ನಾಕು ದಿನ ಕಾಯೂದು ಛಲೋ” ಎಂದರು.

ನೀರು ತುಂಬುವ ಹಬ್ಬದಂದು ಹಂಡೆ ಅಡಿಗೆಮನೆಯ ಮೂಲೆಯಲ್ಲಿ ತುಂಬಿತು. ಅದೇ ಸಂಜೆ ನೆಲದ ಟೈಲು ಮತ್ತು ಗೋಡೆಯ ಕೆಳಸಾಲನ್ನು ಕೂರಿಸಿದೆವು. ಮರುದಿನ ನರಕಚತುರ್ದಶಿ. ನಸುಕಿನಲ್ಲಿಯೇ ಕಾಕು ಮೇಲೆ ಬಂದು ಅಜ್ಜಿಯ ಕೈಹಿಡಿದು ಕರೆದೊಯ್ದರು. ನಮ್ಮ ನೀರಿನಿಂದ ನಾಲ್ಕು ತಿಂಗಳು ತೊಂದರೆಪಟ್ಟ ಆ ತಾಯಿ ತಮ್ಮ ಬಚ್ಚಲಿನಲ್ಲಿ ನಮ್ಮ ಅಜ್ಜಿಗೆ ಎಣ್ಣೆ ಹಚ್ಚಿ ಬಿಸಿನೀರೆರೆದರು. ಆ ದಿನ ಸಂಜೆ, ಟೈಲು ಕೂರಿಸಿ ಇಪ್ಪತ್ತನಾಲ್ಕು ಗಂಟೆ ಕಳೆದ ಮೇಲೆ, ಸಂದುಗಳನ್ನು ತುಂಬಿದೆವು. ಅಮಾವಾಸ್ಯೆಯ ದಿನ ಯಾರೂ ಒಳಗೆ ಕಾಲಿಡಲಿಲ್ಲ. ಇಪ್ಪತ್ತೊಂದನೆಯ ದಿನ, ಬಲಿಪಾಡ್ಯಮಿಯ ಬೆಳಗ್ಗೆ, ಹೊಸ ಬಚ್ಚಲಿನ ಮೊದಲ ಸ್ನಾನ ಅಜ್ಜಿಯದು.

ತಂದೆಯವರು ಬದಿಗಿರಿಸಿದ್ದ ಶಹಾಬಾದಿನ ಕಲ್ಲನ್ನು ಮರೆತಿರಾ? ಅದರ ಒರಟು ಮಗ್ಗುಲನ್ನು ಮೇಲೆಮಾಡಿ, ಎರಡು ಇಟ್ಟಿಗೆಗಟ್ಟೆಗಳ ಮೇಲೆ ಕೂರಿಸಿ, ಅಜ್ಜಿ ಕುಳಿತು ಸ್ನಾನಮಾಡಲು ಮಣೆ ಮಾಡಿದ್ದೆವು. ಪಕ್ಕದ ಗೋಡೆಯಲ್ಲಿ ಹಿಡಿದು ಏಳಲು ಉಕ್ಕಿನ ಹಿಡಿ. ಅಜ್ಜಿ ಕಲ್ಲನ್ನು ಕೈಯಿಂದ ಸವರಿ, “ಇದು ನಮ್ಮೂರ ಕಲ್ಲು” ಎಂದರು. ಯಾರೂ ಅವರಿಗೆ ಹೇಳಿರಲಿಲ್ಲ.

ಬಾಲಮಿತ್ರರೇ, ಈ ಕೆಲಸದಿಂದ ನಾನು ತಿಳಿದುದು ಇಷ್ಟು. ಸಮಯ ಕಡಿಮೆಯಿದ್ದಾಗ ಅವಸರ ಮಾಡಬಹುದಾದ ಕೆಲಸಗಳುಂಟು: ಅಳತೆ, ಸಾಮಾನು ತರುವುದು, ಕಸ ಹೊರುವುದು. ಅವಸರ ಮಾಡಲಾಗದ ಕೆಲಸಗಳೂ ಉಂಟು: ಗಾರೆ ಬಲಿಯುವುದು, ಲೇಪ ಒಣಗುವುದು, ನೀರು ನಿಂತು ಸಾಕ್ಷಿ ಹೇಳುವುದು. ಇವೆರಡನ್ನೂ ಬೇರೆಬೇರೆಯಾಗಿ ಗುರುತಿಸಿ, ತಪ್ಪು ತಿದ್ದುವುದಕ್ಕೆ ಎರಡು ದಿನವನ್ನಾದರೂ ಉಳಿಸಿ ಪಟ್ಟಿಯನ್ನು ಬರೆಯುವವನೇ ಜಾಣ. ನಮ್ಮದು ಮೂರು ದಿನ ತಡವಾಯಿತು. ಮುಂದಿನ ಮಳೆಗಾಲ ಕಳೆದ ಮೇಲೆ ಕಾಕು ತಮ್ಮ ಮಾಳಿಗೆಗೆ ಹೊಸದಾಗಿ ಸುಣ್ಣ ಹೊಡೆಸಿದರು. ಅದು ಇಂದಿಗೂ ಬೆಳ್ಳಗಿದೆ.